ಇಟ್ಕೊಳ್ಳೋ ಗಾಡಿಯಾ, ಮಾರೋ ಗಾಡಿಯಾ?

ಯೌವನಸ್ಥರೇ, ಇವತ್ತು ಒಂದೇ ಒಂದು ಪ್ರಶ್ನೆ ತಗೊಳ್ಳೋಣ. ಎದುರಿಗಿರುವವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಬಾಯಿ ತೆಗೆದು ಒಂದು ಸುಳ್ಳೂ ಆಡಿಲ್ಲ. ಹಾಗಿದ್ದರೂ ಅದು ಸುಳ್ಳಾ?

ಈ ಪ್ರಶ್ನೆ ನನಗೆ ನಿಜವಾಗಿ ತಗುಲಿದ್ದು ಶೃಂಗೇರಿಯ ಒಂದು ಗ್ಯಾರೇಜಿನಲ್ಲಿ. ಮೊದಲಿಂದ ಹೇಳ್ತೀನಿ.

ನನ್ನ ಹಳೇ ಡೀಸೆಲ್ ಕಾರನ್ನು ಮಾರೋಣ ಅಂತಿದ್ದೆ. ಸಭೆಗೆ ಹೊಸದಾಗಿ ಬರುತ್ತಿದ್ದ ಒಬ್ಬ ತಮ್ಮ ನೋಡೋಕೆ ಬಂದ. ನಾನು ಬಾನೆಟ್ ಎತ್ತೋಕೆ ಹೋದರೆ ಅವನು ತಡೆದ. "ಬೇಡ ಪಾಸ್ಟರ್, ನಿಮ್ಮ ಗಾಡಿ ಅಂದ್ಮೇಲೆ ನಾನೇನು ನೋಡೋದು?" ಅಂದ. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು ಹೋದ.

ನಾನು ಒಂದು ವಿಷಯ ಹೇಳಲಿಲ್ಲ. ಎರಡು ತಿಂಗಳಿಂದ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳೀತಾ ಇತ್ತು. ವಾರಕ್ಕೊಮ್ಮೆ ಮಿನಿಮಮ್ ಗೆರೆಗಿಂತ ಕೆಳಗೆ ಹೋಗ್ತಿತ್ತು, ನಾನು ನಲ್ಲಿ ನೀರು ಹಾಕಿ ಸರಿ ಮಾಡ್ತಿದ್ದೆ. ಕೂಲಿಂಗ್ ಅನ್ನೋದು ಮುಚ್ಚಿದ ವ್ಯವಸ್ಥೆ. ಅದರಲ್ಲಿ ವಾರ ವಾರ ಮಟ್ಟ ಇಳಿದರೆ ಎಲ್ಲೋ ಹೋಗ್ತಿದೆ ಅಂತಲೇ ಅರ್ಥ. ಅದು ನನಗೆ ಗೊತ್ತಿತ್ತು. ಆದರೆ ಕಾರು ನಿಂತ ಜಾಗದಲ್ಲಿ ಒಂದು ಹನಿ ಕಲೆಯೂ ಕಾಣುತ್ತಿರಲಿಲ್ಲ. "ಕಲೆ ಇಲ್ಲ, ಹಾಗಾದ್ರೆ ಲೀಕ್ ಇಲ್ಲ" ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ನೋಡಿ, ಬೇರೆಯವರಿಗೆ ಹೇಳದೇ ಇರೋದಕ್ಕೂ ಮುಂಚೆ ನಾವು ನಮಗೇ ಹೇಳ್ಕೊಳ್ಳೋದನ್ನ ಬಿಟ್ಟಿರ್ತೀವಿ.

ಕಾರು ಕೊಡೋಕೆ ಹತ್ತು ದಿನ ಇತ್ತು. ಮನೆಯವರನ್ನು ಕರ್ಕೊಂಡು ಕಿಗ್ಗದ ಕಡೆ ಹೋದೆ. ಶೃಂಗೇರಿಯಿಂದ ಹತ್ತಿರದ ಊರು. ಮಳೆಗಾಗಿ ಜನ ಹರಕೆ ಹೊತ್ತು ಬರುವ ಋಷ್ಯಶೃಂಗೇಶ್ವರ ದೇವಸ್ಥಾನ ಇರೋದು ಅಲ್ಲೇ. ಅಲ್ಲಿಂದ ಮುಂದೆ ಸಿರಿಮನೆ ಜಲಪಾತಕ್ಕೆ ಕಾಡಿನ ನಡುವೆ ಏರಿಳಿತದ ದಾರಿ. ಕಾರಲ್ಲಿ ಐದು ಜನ, ಎಸಿ ಆನ್, ಸೆಕೆಂಡ್ ಗೇರ್. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯ್ತು, ಬಾನೆಟ್ ಸಂದಿಯಿಂದ ಹಬೆ ಬಂತು. ಸುತ್ತ ಎಲ್ಲಿ ನೋಡಿದರೂ ನೀರು, ನನ್ನ ಇಂಜಿನ್ ಒಳಗೆ ಮಾತ್ರ ನೀರಿಲ್ಲ!

ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಭಾವ ಕ್ಯಾಪ್ ತೆಗೆಯೋಕೆ ಕೈ ಹಾಕಿದರು, ತಡೆದೆ. ನೀವೂ ನೆನಪಿಟ್ಕೊಳ್ಳಿ, ಬಿಸಿ ಇರುವಾಗ ಆ ಕ್ಯಾಪ್ ಮುಟ್ಟಬಾರದು. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತೆ. ಆ ಒತ್ತಡದಲ್ಲಿ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯಲ್ಲ, 120ರ ಹತ್ತಿರ ಹೋಗುತ್ತೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಇಳಿದು ಎಲ್ಲ ಒಟ್ಟಿಗೆ ಕುದ್ದು ಮುಖಕ್ಕೆ ಹಾರುತ್ತೆ. ಮುಕ್ಕಾಲು ಗಂಟೆ ಕಾದು, ಇಂಜಿನ್ ತಣ್ಣಗಾದ ಮೇಲೆ ನೀರು ಹಾಕಿ, ಮುಳ್ಳು ನೋಡ್ತಾ ನೋಡ್ತಾ ನಿಧಾನಕ್ಕೆ ಶೃಂಗೇರಿಗೆ ತಂದೆ.

ಗ್ಯಾರೇಜಿನ ಅಣ್ಣನಿಗೆ ಐವತ್ತು ದಾಟಿರಬಹುದು. ಡಬ್ಬಿ ಒಳಗೆ ಬೆರಳದ್ದಿ ನೋಡಿದ. "ಎಂತ ಮಾರಾಯ್ರೆ, ಬರೀ ನೀರೇ ಹಾಕಿದ್ದಾ ಇದಕ್ಕೆ?" ಅಂದ. ಕೂಲೆಂಟು, ನೀರು ಅರ್ಧಕ್ಕರ್ಧ ಇರಬೇಕು, ಆಗ ಕುದಿಯೋ ಬಿಂದು ಇನ್ನೂ ಮೇಲೆ ಹೋಗುತ್ತೆ, ತುಕ್ಕೂ ಹಿಡಿಯಲ್ಲ. ನಾನು ನೀರು ಹಾಕಿ ಹಾಕಿ ಅದನ್ನ ತೆಳ್ಳಗೆ ಮಾಡಿಬಿಟ್ಟಿದ್ದೆ.

ಆಮೇಲೆ ಇಂಜಿನ್ ಪೂರ್ತಿ ತಣ್ಣಗಾಗೋಕೆ ಬಿಟ್ಟ. ಕ್ಯಾಪ್ ಜಾಗಕ್ಕೆ ಮೀಟರ್ ಇರೋ ಒಂದು ಕೈಪಂಪ್ ಕೂರಿಸಿದ. ಕ್ಯಾಪ್ ಮೇಲೆ ಬರೆದಿರೋ ಒತ್ತಡದವರೆಗೆ ಗಾಳಿ ಹೊಡೆದು ಸುಮ್ಮನೆ ನಿಂತ. ಮುಳ್ಳು ಮೆಲ್ಲಗೆ ಇಳೀತು. ಟಾರ್ಚ್ ಹಿಡಿದು ಹೋಸ್‌ಗಳು, ಕ್ಲಿಪ್ಪುಗಳು, ವಾಟರ್ ಪಂಪ್, ಒಂದೊಂದೇ ನೋಡಿದ. ಕೊನೆಗೆ ರೇಡಿಯೇಟರಿನಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಮ್‌ಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಸುತ್ತ ಒಣಗಿದ ಹಸಿರು ಪುಡಿ.

"ಇದು ನಿಂತಲ್ಲಿ ಸೋರೂದಿಲ್ಲ. ಒತ್ತಡ ಬಂದಾಗ ಮಾತ್ರ ಸೋರ್ತದೆ. ಬಿಸಿಗೆ ಅಲ್ಲೇ ಆವಿಯಾಗಿ ಹೋಗ್ತದೆ, ನಿಮಗೆ ನೆಲದ ಮೇಲೆ ಕಲೆ ಹ್ಯಾಗೆ ಕಾಣಬೇಕು?" ಅಂದ. ಆಮೇಲೆ ಕೈ ಒರೆಸ್ಕೊಳ್ತಾ ಕೇಳಿದ: "ಇಟ್ಕೊಳ್ಳೋ ಗಾಡಿಯಾ, ಮಾರೋ ಗಾಡಿಯಾ?"

ಯಾಕೆ ಅಂತ ಕೇಳಿದೆ. ಇಟ್ಕೊಳ್ಳೋದಾದ್ರೆ ರೇಡಿಯೇಟರ್ ಬದಲಿಸಬೇಕು. ಮಾರೋದಾದ್ರೆ ಸೋರಿಕೆ ನಿಲ್ಲಿಸೋ ಒಂದು ಬಾಟಲಿ ದ್ರಾವಣ ಹಾಕಿದ್ರೆ ಸದ್ಯಕ್ಕೆ ಮುಚ್ಕೊಳ್ತದೆ. ಅವನು ಮೋಸ ಮಾಡಿ ಅಂತ ಹೇಳಲಿಲ್ಲ. ಗಿರಾಕಿಗಳು ಹೇಗೆ ಯೋಚನೆ ಮಾಡ್ತಾರೆ ಅಂತ ಅವನಿಗೆ ಗೊತ್ತು, ಅಷ್ಟೇ. ಪ್ರಿಯರೇ, ನಾನು ತಕ್ಷಣ ಉತ್ತರ ಕೊಡಲಿಲ್ಲ. ಬೆಲೆ ಕೇಳಿದೆ. ಬಾಟಲಿಗೆ ಎಷ್ಟು, ರೇಡಿಯೇಟರಿಗೆ ಎಷ್ಟು ಅಂತ ಎರಡೂ ಕೇಳಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾನೂನು ಏನು ಹೇಳುತ್ತೆ ಅಂತ ಫೋನಿನಲ್ಲಿ ಹುಡುಕಿದೆ. ನಮ್ಮ ದೇಶದ 1872ರ ಕರಾರು ಕಾಯಿದೆಯ 17ನೇ ಸೆಕ್ಷನ್‌ನಲ್ಲಿ ಉದಾಹರಣೆಗಳಿವೆ. ಒಬ್ಬ ದೋಷ ಇರುವ ಕುದುರೆಯನ್ನು ಹರಾಜಿನಲ್ಲಿ ಮಾರ್ತಾನೆ, ದೋಷ ಗೊತ್ತಿದ್ದೂ ಏನೂ ಹೇಳಲ್ಲ. ಅದು ವಂಚನೆ ಅಲ್ಲ ಅನ್ನುತ್ತೆ ಕಾಯಿದೆ. ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಆದರೆ ಓದೋದನ್ನ ಅಲ್ಲಿಗೇ ನಿಲ್ಲಿಸಬೇಕಿತ್ತು! ಮುಂದಿನ ಉದಾಹರಣೆಯಲ್ಲಿ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳು. ಆ ಸಂಬಂಧದ ಕಾರಣ ದೋಷ ಹೇಳೋದು ಅವನ ಕರ್ತವ್ಯ. ಅದರ ಮುಂದಿನದರಲ್ಲಿ ಕೊಳ್ಳುವವನು, ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳ್ಕೊಳ್ತೀನಿ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಮಾರುವವನು ಸುಮ್ಮನಿದ್ದರೆ ಆ ಮೌನವೇ ಮಾತಿಗೆ ಸಮ.

"ನಿಮ್ಮ ಗಾಡಿ ಅಂದ್ಮೇಲೆ ನಾನೇನು ನೋಡೋದು?" ನಮ್ಮ ತಮ್ಮ ಹೇಳಿದ್ದು ಬೇರೆ ಏನು? ಅವನು ಬಾನೆಟ್ ಎತ್ತಲಿಲ್ಲ, ಮೆಕ್ಯಾನಿಕ್‌ನ ಕರ್ಕೊಂಡು ಬರಲಿಲ್ಲ. ಆ ಎಲ್ಲದರ ಜಾಗದಲ್ಲಿ ನನ್ನನ್ನು ಇಟ್ಟಿದ್ದ. ನನ್ನ ಮೌನ ಅವನ ಕಿವಿಗೆ "ಗಾಡಿ ಚೆನ್ನಾಗಿದೆ" ಅಂತಲೇ ಕೇಳಿಸಿತ್ತು.

ವಿಮೋಚನಕಾಂಡ 21ನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿ. ಅಲ್ಲಿ ಹಾಯುವ ಎತ್ತಿನ ವಿಷಯ ಇದೆ. ಎತ್ತು ಮೊದಲ ಸಲ ಹಾದು ಯಾರಾದರೂ ಸತ್ತರೆ ಯಜಮಾನನಿಗೆ ಶಿಕ್ಷೆ ಇಲ್ಲ. ಆದರೆ ಅದಕ್ಕೆ ಆ ಚಾಳಿ ಇದೆ ಅಂತ ಮೊದಲೇ ತಿಳಿಸಿದ್ದರೂ ಕಟ್ಟಿಹಾಕದೆ ಬಿಟ್ಟಿದ್ದರೆ ಲೆಕ್ಕವೇ ಬೇರೆ. ಎತ್ತು ಅದೇ, ಕೊಂಬು ಅದೇ. ಬದಲಾದದ್ದು ಯಜಮಾನನಿಗೆ ಗೊತ್ತಿತ್ತು ಅನ್ನೋದು. ಮೊದಲ ವಾರ ನನ್ನ ಕಾರಿನ ಕೂಲೆಂಟ್ ಇಳಿದಾಗ ನಾನು ನಿರಪರಾಧಿ. ಎಂಟನೇ ವಾರಕ್ಕೆ ನನಗೆ ಗೊತ್ತಿತ್ತು.

ನೀವು ಕೇಳಬಹುದು: "ಪಾಸ್ಟರ್, ಹಾಗಾದ್ರೆ ಪ್ರತಿ ಗೀರು, ಪ್ರತಿ ಸಣ್ಣ ಶಬ್ದ ಎಲ್ಲ ಪಟ್ಟಿ ಮಾಡಿ ಕೊಡ್ಬೇಕಾ?" ಬೇಡ. ಗೀರು ಅವನ ಕಣ್ಣಿಗೂ ಕಾಣುತ್ತೆ. ನನಗೆ ಮಾತ್ರ ಗೊತ್ತಿರೋದು, ಗೊತ್ತಿಲ್ಲದಿದ್ದರೆ ಅವನಿಗೆ ಪೆಟ್ಟು ಬೀಳೋದು ಯಾವುದು? ಅದನ್ನ ಹೇಳಲೇಬೇಕು. ಇವತ್ತು ಲ್ಯಾಪ್‌ಟಾಪ್ ಮಾರ್ತೀರಿ, ಬಿಟ್ಟು ಹೋಗೋ ಕೆಲಸವನ್ನ ಇನ್ನೊಬ್ಬರ ಕೈಗೆ ಒಪ್ಪಿಸ್ತೀರಿ, ಮನೆಯವರು ಮದುವೆ ಮಾತುಕತೆಗೆ ಕೂರಿಸ್ತಾರೆ. ಎದುರಿನವರು ಕೇಳಲಿಲ್ಲ ಅನ್ನೋ ಸಂದು ಎಲ್ಲ ಕಡೆ ಸಿಗುತ್ತೆ. ಮಾಮೂಲಿ ದಿನಗಳಲ್ಲಿ ಆ ಸಂದು ಸೋರೋದೇ ಇಲ್ಲ. ಜೀವನದಲ್ಲಿ ಒತ್ತಡ ಬಂದ ದಿನ ಸೋರುತ್ತೆ. ಆಗ ಸ್ಟೇರಿಂಗ್ ಹಿಡಿದಿರೋದು ನಾವಲ್ಲ, ಅವರು.

ಬೆಳಗ್ಗೆ ಗ್ಯಾರೇಜಿಗೆ ಹೋಗಿ, "ಮಾರೋ ಗಾಡಿ ಅಣ್ಣ, ಆದರೆ ಇಟ್ಕೊಳ್ಳೋ ಗಾಡಿ ಥರ ಮಾಡ್ಕೊಡಿ" ಅಂದೆ. ಅವನು ನಕ್ಕ. ರೇಡಿಯೇಟರ್ ಶಿವಮೊಗ್ಗದಿಂದ ಮರುದಿನ ಬಸ್ಸಿನಲ್ಲಿ ಬಂತು. ಕೆಳಗಿನ ಹೋಸು, ಕ್ಯಾಪ್ ಕೂಡ ಹೊಸದು ಹಾಕಿದ. ಹಳೇ ಕೂಲೆಂಟನ್ನು ಚರಂಡಿಗೆ ಬಿಡದೆ ಕ್ಯಾನಿಗೆ ತುಂಬಿದ. ಅದು ವಿಷ, ಆದರೆ ರುಚಿ ಸಿಹಿ, ನಾಯಿಗಳು ನೆಕ್ಕಿ ಸಾಯುತ್ತವೆ. ಹೊಸದು ತುಂಬಿ, ಹೀಟರ್ ಆನ್ ಮಾಡಿಸಿ, ಒಳಗಿನ ಗಾಳಿ ಹೊರಡಿಸಿದ. ತಣ್ಣಗಾದ ಮೇಲೆ ಮತ್ತೆ ಪಂಪ್ ಕೂರಿಸಿದ. ಈ ಸಲ ಮುಳ್ಳು ಅಲ್ಲಾಡಲಿಲ್ಲ. ಇಂಜಿನ್ ಆಯಿಲ್ ಹಾಲಿನ ಹಾಗೆ ಆಗಿದೆಯಾ, ಡಬ್ಬಿಯಲ್ಲಿ ಗುಳ್ಳೆ ಏಳ್ತಿದೆಯಾ ಅಂತಲೂ ನೋಡಿದ. ಇರಲಿಲ್ಲ. "ಹೆಡ್ ಗ್ಯಾಸ್ಕೆಟ್ ಈಗ ಸರಿ ಇದೆ. ಆದ್ರೂ ಒಮ್ಮೆ ಕುದಿದ ಇಂಜಿನ್, ನಿಗಾ ಇಟ್ಟಿರಿ" ಅಂದ.

ಆ ಕೊನೆಯ ಮಾತು ನನಗೆ ಬೇಡವಾಗಿತ್ತು. ರಿಪೇರಿ ಮಾಡಿಸಿದ್ದೀನಲ್ಲ, ಇನ್ನು ಹೇಳೋದು ಯಾಕೆ ಅನ್ನಿಸಿತು. ಆದರೆ ಈಗಲೂ ನನಗೆ ಮಾತ್ರ ಗೊತ್ತಿದ್ದ ಒಂದು ವಿಷಯ ಇತ್ತು. ಬೆಂಗಳೂರಿಗೆ ಬಂದ ಮೇಲೆ ಆ ತಮ್ಮನನ್ನು ಕೂರಿಸಿ ಎಲ್ಲ ಹೇಳಿದೆ: ಎರಡು ತಿಂಗಳು ನೀರು ಹಾಕಿದ್ದು, ಕಿಗ್ಗದ ಆಚೆ ಕುದಿದದ್ದು, ಬಿಲ್ಲು, ಮೆಕ್ಯಾನಿಕ್ ಹೇಳಿದ್ದು. "ಮೊದಲೇ ಹೇಳ್ಬಹುದಿತ್ತಲ್ವಾ ಪಾಸ್ಟರ್?" ಅಂದ. ಹೌದು ಅಂದೆ.

ಒಂದು ದಿನ ಯೋಚನೆ ಮಾಡಿ ಬೇಡ ಅಂದ. ಅಡ್ವಾನ್ಸ್ ವಾಪಸ್ ಕೊಟ್ಟೆ. ಸಾಕ್ಷಿ ಅಂದ್ರೆ ಕೊನೆಯಲ್ಲಿ ಎಲ್ಲ ಒಳ್ಳೇದಾಗಬೇಕು ಅಂತ ನೀವು ಕಾಯ್ತಿರಬಹುದು. ಕಾರು ಇನ್ನೂ ನನ್ನ ಹತ್ತಿರವೇ ಇದೆ. ತಮ್ಮ ಸಭೆಗೆ ಬರ್ತಾನೆ, ಮೊದಲಿನಷ್ಟು ಸಲುಗೆ ಇನ್ನೂ ಬಂದಿಲ್ಲ. ಮೊನ್ನೆ ಮಾತ್ರ ಫೋನ್ ಮಾಡಿದ್ದ. ಬೇರೆ ಒಂದು ಕಾರು ನೋಡಿದ್ದಾನಂತೆ. "ಬಂದು ಬಾನೆಟ್ ಎತ್ತಿ ನೋಡ್ತೀರಾ ಪಾಸ್ಟರ್?" ಅಂದ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಯಾರು ನಮ್ಮನ್ನು ನಂಬಿ ಏನನ್ನು ಪರೀಕ್ಷೆ ಮಾಡದೆ ಬಿಟ್ಟಿದ್ದಾರೆ, ಒಂದು ಹೆಸರು ನೆನಪು ಮಾಡ್ಕೊಳ್ಳಿ. ಈ ವಾರ ಅವರಿಗೆ ಒಂದು ಫೋನ್ ಮಾಡಿ.