ಹಳೇ ಬಟ್ಟೆಯೂ ಬಾವಿಗೆ ಇಳಿಸಿದ ಹಗ್ಗವೂ

ಪಾಠ: ಯೆರೆಮೀಯನ ಪ್ರವಾದನೆ, 38ನೆಯ ಅಧ್ಯಾಯ, 7ರಿಂದ 13ನೆಯ ವಚನಗಳು.



ಅರಸನಾದ ಚಿದ್ಕೀಯನ ಕಾಲದಲ್ಲಿ ಪ್ರಧಾನರು ಪ್ರವಾದಿಯಾದ ಯೆರೆಮೀಯನನ್ನು ನೀರಿಲ್ಲದ ಬಾವಿಯೊಳಗೆ ಇಳಿಸಿಬಿಟ್ಟರು; ಅವನು ಅಲ್ಲಿ ಕೆಸರಿನಲ್ಲಿ ಹೂತುಕೊಂಡನು. ಆಗ ಅರಮನೆಯ ಸೇವಕನಾದ ಎಬೆದ್ಮೆಲೆಕನೆಂಬ ಕೂಷ್ಯನು ಅರಸನ ಅಪ್ಪಣೆಯನ್ನು ಪಡೆದು ಅವನನ್ನು ಎತ್ತುವದಕ್ಕೆ ಹೊರಟನು. ಎತ್ತುವದಕ್ಕೆ ಹಗ್ಗವಿದ್ದರೆ ಸಾಕಾಗಿತ್ತು. ಆದರೂ ಅವನು ಭಂಡಾರದ ಕೆಳಗಣ ಕೋಣೆಗೆ ಹೋಗಿ, ಅಲ್ಲಿ ಬಿದ್ದಿದ್ದ ಹಳೇ ಹರಕು ಬಟ್ಟೆಗಳನ್ನು ಆರಿಸಿ ತಂದು, ಹಗ್ಗದ ಸಂಗಡ ಅವುಗಳನ್ನೂ ಇಳಿಸಿ, ಕಂಕುಳಲ್ಲಿ ಬಟ್ಟೆಯಿಟ್ಟು ಅದರ ಮೇಲೆ ಹಗ್ಗವನ್ನು ಹಾಕಿಕೊಳ್ಳಬೇಕೆಂದು ಪ್ರವಾದಿಗೆ ಹೇಳಿದನು. ಸೊರಗಿದ ಮೈಗೆ ಹಗ್ಗವು ಒತ್ತಿ ಚರ್ಮ ಸುಲಿಯಬಾರದೆಂಬ ಚಿಂತೆಯು ಅವನಿಗಿತ್ತು. ಈ ವೃತ್ತಾಂತದಿಂದ ನಮ್ಮ ಉಡುಗೆತೊಡುಗೆಗಳ ವಿಷಯವಾಗಿ ಮೂರು ಮಾತುಗಳನ್ನು ಕಲಿಯೋಣ.

ಮೊದಲನೆಯದು, ಮುಚ್ಚಿಟ್ಟ ಬಟ್ಟೆಯು ಯಾರ ಮೈಯನ್ನೂ ಮುಚ್ಚುವದಿಲ್ಲ. ಆ ಚಿಂದಿಗಳು ಅರಮನೆಯ ಕೋಣೆಯಲ್ಲಿ ಬಿದ್ದಿದ್ದಷ್ಟು ಕಾಲ ಯಾರಿಗೂ ಉಪಯೋಗವಾಗಲಿಲ್ಲ. ಕಡಲ ದಂಡೆಯಲ್ಲಿರುವ ಹಾರವಾಡ, ಬೇಲೇಕೇರಿ ಮೊದಲಾದ ಊರುಗಳಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲ ಕಳೆದ ಮೇಲೆ ಟ್ರಂಕನ್ನು ತೆರೆದರೆ, ಉಡದೆ ಇಟ್ಟಿದ್ದ ಸೀರೆಗೆ ಬೂಷ್ಟು ಹತ್ತಿರುವದು, ಮಡಿಕೆಯಲ್ಲಿ ನೂಲು ಹಿಂಜಿರುವದು. ನುಸಿಯು ತಿನ್ನುವ ಸಂಪತ್ತನ್ನು ಕುರಿತು ಕರ್ತನು ಎಚ್ಚರಿಸಿದ್ದು ನಮ್ಮ ಕಪಾಟುಗಳಲ್ಲಿಯೇ ನೆರವೇರುವದು. ಎರಡು ಅಂಗಿಗಳುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ಸ್ನಾನಿಕನಾದ ಯೋಹಾನನು ಬೋಧಿಸಿದನು. ಹಾಗಾದರೆ ಇಪ್ಪತ್ತು ಅಂಗಿಗಳುಳ್ಳವರು ಏನು ಹೇಳುವೆವು?

ಬಹಳ ಬಟ್ಟೆಗಳಿಂದ ಮಾನವು ಹೆಚ್ಚುವದೆಂದು ಕೆಲವರು ನೆನಸುತ್ತಾರೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ಅವರು ನೆನಪಿಗೆ ತಂದುಕೊಳ್ಳಲಿ. ಗಿಡಗಳನ್ನು ನೆಟ್ಟು ಬೆಳಸಿದ ಆ ತಾಯಿಯು 2021ರ ನವೆಂಬರದಲ್ಲಿ ಪದ್ಮಶ್ರೀ ಪಡೆಯುವದಕ್ಕೆ ರಾಷ್ಟ್ರಪತಿ ಭವನಕ್ಕೆ ಹೋದಾಗ ಹಾಲಕ್ಕಿ ಜನರ ವಾಡಿಕೆಯ ಉಡುಗೆಯಲ್ಲಿಯೇ, ಬರಿಗಾಲಲ್ಲಿಯೇ ನಡೆದರು. ದೇಶವು ಅವರ ಕೈಕೆಲಸವನ್ನು ಗೌರವಿಸಿತು.

ಎರಡನೆಯದು, ಕೊಡುವವನು ತೆಗೆದುಕೊಳ್ಳುವವನ ಕಂಕುಳನ್ನು ಯೋಚಿಸಬೇಕು. 2019ರ ಆಗಸ್ಟದಲ್ಲಿ ಗಂಗಾವಳಿಯು ಉಕ್ಕಿ ಅಂಕೋಲಾ ತಾಲೂಕಿನ ಹಳ್ಳಿಗಳ ಮನೆಗಳೊಳಗೆ ನೀರು ಹೊಕ್ಕಿತು. ಉಟ್ಟ ಬಟ್ಟೆಯಲ್ಲಿಯೇ ಮನೆ ಬಿಟ್ಟು ಬಂದವರಿಗೆ ಅಂಥಾ ವೇಳೆಯಲ್ಲಿ ಬೇಕಾದದ್ದೇನು? ಒಣಗಿದ ಲುಂಗಿ, ಮೈತುಂಬ ಸುತ್ತಿಕೊಳ್ಳುವ ಸೀರೆ, ಹೊದಿಕೆ, ಕೂಸಿಗೆ ಮೆತ್ತಗಿನ ಬಟ್ಟೆ, ಹೆಂಗಸರ ತಿಂಗಳ ದಿನಗಳಿಗೆ ಶುಭ್ರವಾದ ಹತ್ತಿಯ ಬಟ್ಟೆ. ಆದರೆ 2004ರ ಡಿಸೆಂಬರ 26ರಂದು ಸುನಾಮಿಯು ತಮಿಳುನಾಡಿನ ದಂಡೆಗೆ ಬಡಿದ ತರುವಾಯ ನಾಗಪಟ್ಟಣದ ಸೀಮೆಯಲ್ಲಿ ಏನಾಯಿತು? ದೂರದೂರುಗಳಿಂದ ಬಂದ ಹಳೇ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿರಾಶಿಯಾಗಿ ಬಿದ್ದವು, ಮುಟ್ಟುವವರಿರಲಿಲ್ಲ. ಎಲ್ಲವನ್ನು ಕಳಕೊಂಡವರು ಮರ್ಯಾದೆಯನ್ನು ಕಳಕೊಂಡಿರಲಿಲ್ಲ. ಕೊಳೆಯನ್ನು ಹೊರಗೆ ಹಾಕುವದು ಮನೆಗೆಲಸ. ಅದನ್ನು ದಾನವೆಂದು ಕರೆಯಬಾರದು. ಹಳೇ ಸೀರೆಯನ್ನು ಕೊಟ್ಟು ಸ್ಟೀಲಿನ ಪಾತ್ರೆಯನ್ನು ತಕ್ಕೊಳ್ಳುವದರಲ್ಲಿ ತಪ್ಪಿಲ್ಲ, ಆದರೆ ಅದೂ ದಾನವಲ್ಲ.

ಅಂಶು ಗುಪ್ತರು ದಿಲ್ಲಿಯಲ್ಲಿ ಆರಂಭಿಸಿದ ಗೂಂಜ್ ಎಂಬ ಸಂಸ್ಥೆಯು ಈ ವಿಷಯದಲ್ಲಿ ಒಳ್ಳೇ ಮಾದರಿಯನ್ನು ತೋರಿಸಿದೆ. ಪಟ್ಟಣದವರ ಬಟ್ಟೆಗಳನ್ನು ಅಲ್ಲಿ ಬೇರ್ಪಡಿಸಿ, ಸರಿಮಾಡಿ, ಯಾವ ಊರಿಗೆ ಯಾವದು ತಕ್ಕದ್ದೆಂದು ನೋಡಿ ಕಳುಹಿಸುತ್ತಾರೆ. ಹಳ್ಳಿಯವರು ತಮ್ಮ ಊರಿಗೋಸ್ಕರ ಬಾವಿ ತೋಡಿ, ದಾರಿ ಕಟ್ಟಿ, ಆ ದುಡಿಮೆಯ ಪ್ರತಿಫಲವಾಗಿ ಬಟ್ಟೆಯನ್ನು ಪಡೆಯುತ್ತಾರೆ. ಭಿಕ್ಷೆಯೆಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಈ ಸೇವೆಗಾಗಿ ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು.

ಮೂರನೆಯದು, ಮತ್ತೊಬ್ಬರು ಉಟ್ಟದ್ದನ್ನು ಉಡುವದರಲ್ಲಿ ನಾಚಿಕೆಯಿಲ್ಲ. ಯೆರೆಮೀಯನು ಆ ಚಿಂದಿಗಳನ್ನು ಬೇಡವೆನ್ನಲಿಲ್ಲ. ಅರಸನ ಮಗನಾದ ಯೋನಾತಾನನು ಮೈಮೇಲಿದ್ದ ನಿಲುವಂಗಿಯನ್ನು ತೆಗೆದುಕೊಟ್ಟಾಗ ದಾವೀದನು ಅದನ್ನು ಪ್ರೀತಿಯ ಗುರುತಾಗಿ ಪಡೆದನು. ಎಲೀಯನಿಂದ ಬಿದ್ದ ಕಂಬಳಿಯನ್ನು ಎಲೀಷನು ಹಳೆಯದೆಂದು ಬಿಟ್ಟುಹೋಗಲಿಲ್ಲ. ನಮ್ಮ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿಯನ್ನು ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಹೂವಿನಂಥಾ ಮಡಿಕೆಗಳನ್ನು ಕೂಡಿಸುವ ತನಕ ಕೌದಿಯು ಬತ್ತಲೆಯಾಗಿದೆಯೆಂದು ಅವರು ಎಣಿಸುತ್ತಾರೆ. ಚಿಂದಿಗೂ ಮಾನ ಕೊಡಲು ಅರಿತ ಕೈಗಳು ಅವು.

ಆದರೆ ಆ ಮಾನವನ್ನು ಕಾಯುವ ಭಾರವು ಕೊಟ್ಟವರ ಮೇಲೆಯೂ ಇದೆ. ಜೂನಿನಲ್ಲಿ ಶಾಲೆ ತೆರೆಯುವಾಗ ನಮ್ಮ ಮಗನಿಗೆ ಗಿಡ್ಡವಾದ ಸಮವಸ್ತ್ರವನ್ನು ನೆರೆಯ ಹುಡುಗನು ತೊಟ್ಟು ಬಂದಿರುವಲ್ಲಿ, ನಮ್ಮ ಮಗನು ಆಟದ ಬಯಲಿನಲ್ಲಿ ಅದು ನನ್ನದೆಂದು ಕೂಗಿದರೆ, ಆ ಹುಡುಗನ ಮೈಮೇಲೆ ಬಟ್ಟೆಯಿದ್ದರೂ ಅವನನ್ನು ಬತ್ತಲೆಮಾಡಿದ ಹಾಗಾಯಿತು. ತಾಯಂದಿರೇ, ಅಂಗಿಯನ್ನು ಕೊಡುವದಕ್ಕೆ ಮೊದಲು ಮಗನಿಗೆ ಬುದ್ಧಿಹೇಳಿರಿ. ಹಾಗೆಯೇ ಹರಕು ಅಂಗಿಯವನನ್ನು ಸಭೆಯಲ್ಲಿ ಮೂಲೆಗೆ ಕೂಡ್ರಿಸುವವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಗದರಿಸಿದ್ದನ್ನು ದೊಡ್ಡವರಾದ ನಾವೂ ಮರೆಯದಿರೋಣ.

ಆದಕಾರಣ, ಪ್ರಿಯರೇ, ಈ ವಾರದಲ್ಲಿ ಒಂದು ದಿವಸ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ತೆರೆಯಿರಿ. ಒಂದು ವರುಷದಿಂದ ಉಡದೆ ಇದ್ದದ್ದನ್ನು ಬೇರೆ ಇಡಿರಿ. ಅದನ್ನು ಒಗೆದು, ಗುಂಡಿ ಹಚ್ಚಿ, ಹೊಲಿಗೆ ಬಿಟ್ಟಲ್ಲಿ ಹೊಲಿಯಿರಿ. ಯೊಪ್ಪದ ದೊರ್ಕಳು ವಿಧವೆಯರಿಗೆ ಹೊಲಿದುಕೊಟ್ಟ ಅಂಗಿಗಳೇ ಅವಳ ಸಾವಿನ ದಿವಸದಲ್ಲಿ ಅವಳಿಗೆ ಸಾಕ್ಷಿಯಾದವು. ಉಡಲಾಗದಷ್ಟು ಹರಿದದ್ದನ್ನು ಕೌದಿಗೆ ಇಡಿರಿ. ಸಭೆಯವರು ಕೂಡಿ ವರುಷಕ್ಕೊಂದಾವರ್ತಿ ಇವುಗಳನ್ನು ಅಲ್ಪ ಬೆಲೆಗೆ ಮಾರಿದರೆ, ಬಡವನು ಕೊಂಡವನಾಗಿ ತಲೆಯೆತ್ತಿ ಹೋಗುವನು. ಬಂದ ಹಣವು ಮಕ್ಕಳ ಪುಸ್ತಕಗಳಿಗಾಗುವದು. ಉಳ್ಳವರೂ ಅಲ್ಲಿ ಕೊಂಡು ಉಟ್ಟರೆ ಯಾರು ಬಡವರು, ಯಾರು ಉಳ್ಳವರು ಎಂಬದು ಬಟ್ಟೆಯಿಂದ ತಿಳಿಯದೆ ಹೋಗುವದು.

ಬಾವಿಯ ದಡದಲ್ಲಿ ನಿಂತು ಹಗ್ಗವನ್ನು ಹಿಡಿದಿರುವ ನಮಗೆ ಕರ್ತನು ಎಬೆದ್ಮೆಲೆಕನ ಕಣ್ಣನ್ನೂ ಕೈಯನ್ನೂ ದಯಪಾಲಿಸಲಿ. ಆಮೆನ್.