ಮೂಗು ಅರಿತದ್ದು, ಮನಸ್ಸು ಸೇರಿಸಿದ್ದು

ಸ್ಪರ್ಶ, ರಸ, ಗಂಧ, ವರ್ಣ ಎಂಬ ನಾಲ್ಕು ಪುದ್ಗಲದ ಗುಣಗಳೆಂಬುದನ್ನು ಪಾಠಶಾಲೆಗೆ ಹೋಗುವ ನಮ್ಮ ಮಕ್ಕಳೂ ಹೇಳಬಲ್ಲರು. ಗಂಧವು ಸುಗಂಧ, ದುರ್ಗಂಧ ಎಂದು ಎರಡು ಬಗೆ ಎಂಬುದೂ ಅವರಿಗೆ ತಿಳಿದಿದೆ. ಆ ದುರ್ಗಂಧಕ್ಕೆ ಒಬ್ಬ ಮನುಷ್ಯನ ಹೆಸರನ್ನು ಹಚ್ಚುವವರು ಯಾರು ಎಂಬ ಪ್ರಶ್ನೆ ಪಾಠದಲ್ಲಿ ಬರುವುದಿಲ್ಲ. ನನಗೆ ಅದು ಎದುರಾದದ್ದು ಭಟ್ಕಳದಿಂದ ಕುಮಟೆಗೆ ಸಾಗುವ ದಾರಿಯಲ್ಲಿ, ಬಾಡಿಗೆಯ ಟೆಂಪೋ ಟ್ರಾವೆಲರಿನೊಳಗೆ.

ಮಾರ್ಚ್ ತಿಂಗಳಿನಲ್ಲಿ ನಾಲ್ಕು ಕುಟುಂಬಗಳ ಹನ್ನೆರಡು ಮಂದಿ ಸೇರಿ ಕರಾವಳಿಯ ಬಸದಿಗಳ ದರ್ಶನಕ್ಕೆ ಹೊರಟಿದ್ದೆವು. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನು ಕಂಡು, ಅಲ್ಲಿಂದಲೇ ಕ್ಯಾನಿನಲ್ಲಿ ಹಾಲು ತುಂಬಿಸಿಕೊಂಡು, ಒಳನಾಡಿನ ಹಾಡುವಳ್ಳಿಗೆ ನಡೆದೆವು. ಸಂಗೀತಪುರವೆಂಬ ಹೆಸರೂ ಉಳ್ಳ ಆ ಊರಿನಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಸನ್ನಿಧಿಯಲ್ಲಿ ಕ್ಷೀರಾಭಿಷೇಕ ನೆರವೇರಿತು. ಸಂಜೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊನ್ನಾವರದತ್ತ ಬರುವಾಗ ಕಾಸರಕೋಡಿನ ಬಳಿ ಒಣಗಲು ಹರಡಿದ ಮೀನಿನ ವಾಸನೆ ಗಾಳಿಯಲ್ಲಿ ತೇಲಿ ಬಂತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು, ಯಾರೋ ಗಾಜು ಏರಿಸಿದರು. ಶರಾವತಿಯ ಸೇತುವೆ ದಾಟುವಷ್ಟರಲ್ಲಿ ಅದು ಮರೆತುಹೋಯಿತು. ಚಾಲಕನ ಮನೆ ಆ ಕಡೆಯಲ್ಲೇ ಎಂದು ಆತ ಹೇಳಿದ್ದು ಮಾತ್ರ ನಮ್ಮ ನೆನಪಿನಲ್ಲಿ ಉಳಿಯಿತು.

ಮರುದಿನ ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೋದೆವು. ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಈ ಕರಾವಳಿಯನ್ನು ಹೊರಗಿನವರು ಹುಡುಕಿಕೊಂಡು ಬಂದದ್ದೇ ಒಂದು ಪರಿಮಳಕ್ಕಾಗಿ ಎಂದು ಮಕ್ಕಳಿಗೆ ಬಣ್ಣಿಸುತ್ತ ಹಿಂದಿರುಗುವಾಗಲೇ ವಾಹನದೊಳಗೆ ಒಂದು ಕೆಟ್ಟ ವಾಸನೆ ಮೊದಲಾಯಿತು. ಮೂರನೆಯ ದಿನ ಕುಮಟೆಗೆ ಹೊರಟಾಗ ಅದು ಸಹಿಸಲಾಗದಷ್ಟಾಯಿತು. ಇಲಿ ಸತ್ತಿರಬಹುದೆಂದು ಒಬ್ಬರು, ಚರಂಡಿಯ ನೀರು ಚಕ್ರಕ್ಕೆ ಹತ್ತಿರಬಹುದೆಂದು ಇನ್ನೊಬ್ಬರು ಊಹಿಸಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ, ರಾತ್ರಿ ಮನೆಗೆ ಹೋಗಿದ್ದ ಚಾಲಕ ಬೆಳಿಗ್ಗೆ ಒಂದು ಚೀಲ ಹಿಡಿದು ಬಂದನಲ್ಲವೇ ಎಂಬ ಮಾತು ಕೇಳಿಬಂತು. ವಾಹನವನ್ನು ನಿಲ್ಲಿಸಿ, ಚೀಲ ಬಿಚ್ಚಲು ಹೇಳಿದವನು ನಾನು.

ಆತ ಎದುರು ಮಾತಾಡಲಿಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಟವೆಲು, ಬಾಳೆಲೆಯಲ್ಲಿ ಸುತ್ತಿದ ಸುರಗಿ ಹೂವಿನ ದಂಡೆ ಇದ್ದವು. ಹಿಂದಿನ ದಿನ ನಾವು ವಾಸನೆ ಎಂದು ಗೊಣಗಿದ್ದನ್ನು ಕೇಳಿ, ಮುಂದಿನ ಗಾಜಿನ ಬಳಿ ಕಟ್ಟಲೆಂದು ಮನೆಯಿಂದ ತಂದಿದ್ದನಂತೆ.

ಕುಮಟೆಯ ಗ್ಯಾರೇಜೊಂದರ ಮೇಸ್ತ್ರಿ ಈ ಗೊಂದಲವನ್ನು ಒಂದು ಗಂಟೆಯಲ್ಲಿ ಬಿಡಿಸಿದ. ಆತ ಮೊದಲು ಏಸಿಯನ್ನು ನಿಲ್ಲಿಸಿದ. ಅದು ಒಳಗಿನ ಗಾಳಿಯನ್ನೇ ಸುತ್ತಿಸಿ ವಾಸನೆಯನ್ನು ಎಲ್ಲೆಡೆ ಸಮನಾಗಿ ಹರಡುವುದರಿಂದ ಮೂಲ ತಿಳಿಯದೆಂದ. ಬಾಗಿಲುಗಳನ್ನು ಮುಚ್ಚಿ ವಾಹನವನ್ನು ಬಿಸಿಲಿನಲ್ಲಿ ನಿಲ್ಲಿಸಿದ. ಬಳಿಕ ಒಂದೊಂದೇ ಸೀಟಿನ ಬುಡಕ್ಕೆ ಮೂಗು ಒಡ್ಡುತ್ತ, ನಡುನಡುವೆ ಹೊರಗೆ ಬಂದು ಉಸಿರು ಬದಲಿಸುತ್ತ ಹುಡುಕಿದ. ಒಳಗೇ ಇದ್ದರೆ ಮೂಗು ವಾಸನೆಗೆ ಒಗ್ಗಿ ಮೊಂಡಾಗುತ್ತದೆಯಲ್ಲ! ಕೊನೆಗೆ, “ಯಾವತ್ತಿಂದ ಶುರುವಾಯ್ತು ಮಾರಾಯ್ರೆ? ಒಳಗೆ ಏನಾದ್ರೂ ಚೆಲ್ಲಿದ್ರಾ?” ಎಂದು ಕೇಳಿದ. ನಮ್ಮಲ್ಲಿ ಒಬ್ಬರೂ ಆ ವರೆಗೆ ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಎರಡನೆಯ ಸಾಲಿನ ಸೀಟು ಬಿಚ್ಚಿ ನೆಲಹಾಸನ್ನು ಎತ್ತಿದಾಗ ಅಡಿಯ ದಪ್ಪ ಪದರವು ಹಾಲು ಕುಡಿದು ಕೊಳೆತಿತ್ತು. ಹಾಡುವಳ್ಳಿಯ ತಿರುವುಗಳಲ್ಲಿ ಕ್ಯಾನು ವಾಲಿ ಚೆಲ್ಲಿದ ಅಭಿಷೇಕದ ಹಾಲು ಅದು. ಆ ಕ್ಯಾನನ್ನು ಕಾಲುಗಳ ನಡುವೆ ಇಟ್ಟುಕೊಂಡು ಕುಳಿತಿದ್ದವನು ನಾನೇ. ಮೇಲೆ ಮೇಲೆ ಒರಸಿ ಸುಮ್ಮನಾಗಿದ್ದೆ.

ನಮ್ಮ ಆಚಾರ್ಯರು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದ್ದಾರೆ. ಏನೋ ಇದೆ ಎಂದು ತಿಳಿಯುವುದು ಮೊದಲನೆಯದು, ಅದೇನಿರಬಹುದೆಂದು ವಿಚಾರಿಸುವುದು ಎರಡನೆಯದು, ನಿಶ್ಚಯಿಸುವುದು ಮೂರನೆಯದು, ಮರೆಯದೆ ಉಳಿಸಿಕೊಳ್ಳುವುದು ನಾಲ್ಕನೆಯದು. ಮೂಗು ತನ್ನ ಪಾಲಿನ ಕೆಲಸವನ್ನು ತಪ್ಪಿಲ್ಲದೆ ಮಾಡಿತ್ತು. ಕಣ್ಣಿನಂತೆ ದೂರದಿಂದ ಅರಿಯುವ ಇಂದ್ರಿಯವಲ್ಲ ಅದು, ವಸ್ತುವಿನ ಕಣಗಳು ಬಂದು ತಾಗಿದರೆ ಮಾತ್ರ ಅರಿಯುತ್ತದೆ. ಅವಗ್ರಹದಿಂದ ನೇರವಾಗಿ ಅವಾಯಕ್ಕೆ ಹಾರಿದವರು ನಾವು. ಈಹೆಯನ್ನು ಕುಮಟೆಯ ಮೇಸ್ತ್ರಿಗೆ ಬಿಟ್ಟೆವು. ಹಾಲು ಚೆಲ್ಲಿದ ನೆನಪನ್ನು ಕಳೆದುಕೊಂಡ ನನ್ನ ಧಾರಣೆಯ ಮಾತನ್ನಂತೂ ಆಡುವಂತಿಲ್ಲ.

ಇಷ್ಟು ಅವಸರ ಏಕೆ? ಜುಗುಪ್ಸೆಯನ್ನು ನಮ್ಮ ಕರ್ಮಶಾಸ್ತ್ರವು ಹಾಸ್ಯ, ಭಯ, ಶೋಕಗಳ ಜೊತೆಗೆ ನೋಕಷಾಯಗಳಲ್ಲಿ ಸೇರಿಸಿದೆ. ಅದು ಮೋಹನೀಯದ ಫಲ. ಅರಿವಿನ ಜಾಗದಲ್ಲಿ ಜುಗುಪ್ಸೆ ಬಂದು ಕುಳಿತಾಗ ಅದು ಪ್ರಮಾಣವನ್ನು ಕೇಳುವುದಿಲ್ಲ, ಊರನ್ನೂ ಕುಲವನ್ನೂ ಕೇಳುತ್ತದೆ. ನಿರ್ವಿಚಿಕಿತ್ಸಾ ಅಂಗವನ್ನು ವಿವರಿಸುವಾಗ ನಾವು ಉದ್ದಾಯನ ಮಹಾರಾಜನ ಕಥೆಯನ್ನು ಹೇಳುತ್ತೇವೆ. ರೋಗಿ ಮುನಿಯ ವೇಷದಲ್ಲಿ ಬಂದ ದೇವನು ವಾಂತಿ ಮಾಡಿದರೂ ಹೇಸದೆ ಸೇವೆ ಮಾಡಿದ ಅರಸನವನು. ಎದುರಿಗಿರುವವರು ಮುನಿಗಳೆಂದು ಗೊತ್ತಿರುವಾಗ ಹೇಸಿಗೆಯನ್ನು ಗೆಲ್ಲುವುದಕ್ಕೆ ಭಕ್ತಿಯ ಆಸರೆ ಇರುತ್ತದೆ. ಸ್ಟಿಯರಿಂಗ್ ಹಿಡಿದು ಕುಳಿತ ಮೀನುಗಾರರ ಮನೆಯ ಹುಡುಗನ ಎದುರಿನಲ್ಲಿ ಅಂಥ ಆಸರೆ ನಮಗಿರಲಿಲ್ಲ.

ನಮ್ಮೊಡನಿದ್ದ ಹಿರಿಯರೊಬ್ಬರು ಆ ರಾತ್ರಿ ಒಂದು ಆಕ್ಷೇಪವನ್ನು ಎತ್ತಿದರು. ಯಾತ್ರೆಯ ವಾಹನದಲ್ಲಿ ಮೀನು ಬೇಡವೆಂಬುದು ತಪ್ಪೇ? ತಪ್ಪಲ್ಲ. ಆ ನಿಯಮವನ್ನು ಹೊರಡುವಾಗಲೇ ಹೇಳಿದ್ದೆವು, ಆತ ಒಪ್ಪಿ ನಡೆದುಕೊಂಡಿದ್ದ. ನಿಯಮವನ್ನು ಮುರಿದನೆಂದು ಅರಿಯದೆ ನುಡಿದದ್ದು ಬೇರೆಯೇ ವಿಷಯ. ಅದು ಸತ್ಯಾಣುವ್ರತಕ್ಕೆ ತಗಲುವ ದೋಷ. ವ್ರತದ ಶುದ್ಧಿಗಾಗಿ ಕೇಳಿದೆವು ಎನ್ನುತ್ತಲೇ ವ್ರತಕ್ಕೆ ಭಂಗ ತಂದುಕೊಂಡೆವು. ಹಿರಿಯರು ಇದಕ್ಕೆ ಪೂರ್ಣವಾಗಿ ಒಪ್ಪಲಿಲ್ಲ ಎಂಬುದನ್ನೂ ಬರೆಯಬೇಕು.

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಸುಬುದ್ಧಿ ಎಂಬ ಮಂತ್ರಿಯ ವೃತ್ತಾಂತವಿದೆ. ಕಂದಕದ ನಾರುವ ನೀರಿಗೆ ಜಿತಶತ್ರು ರಾಜನು ಹೇಸಿದಾಗ, ಪುದ್ಗಲವು ಪರಿಣಮಿಸುತ್ತಲೇ ಇರುತ್ತದೆ ಎಂದು ಮಂತ್ರಿ ನುಡಿದ. ರಾಜ ನಂಬಲಿಲ್ಲ. ಅದೇ ನೀರನ್ನು ಹೊಸ ಗಡಿಗೆಗಳಲ್ಲಿ ಮತ್ತೆ ಮತ್ತೆ ಸೋಸಿ ರಾಜನಿಗೇ ಕುಡಿಸಿದಾಗ ಆತ ಅದರ ಸವಿಯನ್ನು ಹೊಗಳಿದ. ನಮ್ಮ ವಾಹನದಲ್ಲಿ ನಡೆದದ್ದು ಅದರ ಹಿಮ್ಮುಖ ಪರಿಣಾಮ. ಜಿನಬಿಂಬದ ಮೇಲೆ ಸುರಿಯಲೆಂದು ಒಯ್ದ ಹಾಲು ಎರಡು ದಿನಗಳಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳ ನೆಲೆಯಾಗಿ ನಾರಿತು. ಆ ಜೀವಿಗಳ ಹುಟ್ಟುಸಾವಿಗೆ ನನ್ನ ಪ್ರಮಾದವೇ ಕಾರಣ. ಹಾಲಿನ ಕ್ಯಾನಿಗೆ ಬಿಗಿಯಾದ ಮುಚ್ಚಳ ಬೇಕೆಂದು ಯಾತ್ರೆ ಏರ್ಪಡಿಸುವ ಟ್ರಸ್ಟುಗಳವರು ದಯವಿಟ್ಟು ಗಮನಿಸಬೇಕು. ಇದು ಸಣ್ಣ ಮಾತಲ್ಲ.

ನೆಲಹಾಸನ್ನು ಗ್ಯಾರೇಜಿನ ಅಂಗಳದಲ್ಲಿ ನೀರಿನಿಂದ ತೊಳೆದೆವು. ಹಳೆಯ ಪದರವನ್ನು ತೆಗೆಸಿ ಹೊಸದನ್ನು ಹಾಕಿಸಿದ ಖರ್ಚನ್ನು ನಾನು ಕೊಟ್ಟೆ. ಚಾಲಕನೂ ನನ್ನ ಜೊತೆ ನೀರು ಸುರಿದ. ಕೈ ಜೋಡಿಸಿ ಕ್ಷಮೆ ಬೇಡಿದಾಗ, “ಅಡ್ಡಿಲ್ಲ ಬಿಡಿ ಸರ್” ಎಂದು ಬಕೆಟ್ ಎತ್ತಿಕೊಂಡು ನಡೆದ. ಪ್ರತಿ ವರ್ಷ ಕ್ಷಮಾವಣಿಯಂದು ನಾನು ಬರೆಯುವ ಪತ್ರಗಳೆಲ್ಲ ನನ್ನ ಬಂಧುಗಳಿಗೆ, ಬಸದಿಯ ಸಮಿತಿಯವರಿಗೆ. ಅವರಲ್ಲಿ ಯಾರ ಚೀಲವನ್ನೂ ನಾನು ಬಿಚ್ಚಿಸಿದವನಲ್ಲ.

ಮರುದಿನ ಭಟ್ಕಳಕ್ಕೆ ಹಿಂದಿರುಗುವಾಗ ಸುರಗಿಯ ದಂಡೆ ಮುಂದಿನ ಗಾಜಿನ ಬಳಿ ತೂಗುತ್ತಿತ್ತು. ಶರಾವತಿಯ ಸೇತುವೆ ಇಳಿದು ಕಾಸರಕೋಡು ಹತ್ತಿರವಾದಾಗ, ಯಾರೂ ಹೇಳದಿದ್ದರೂ, ಆತ ವಾಹನವನ್ನು ಬದಿಗೆ ನಿಲ್ಲಿಸಿ ಎದ್ದು ಬಂದು ಒಂದೊಂದಾಗಿ ಎಲ್ಲ ಗಾಜುಗಳನ್ನು ಮುಚ್ಚಿದ.