ಪ್ರಮಾದವೂ ಹಿಂಸೆಯೇ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುಮಾರ್ಗವು ಕೋಲಾರದ ಚಿನ್ನದ ಗಣಿಗಳ ನಡುವೆ ಹಾದುಹೋಗುತ್ತದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಒತ್ತಡಕ್ಕೆ ಸಿಕ್ಕಿದ ಬಂಡೆ ಹಠಾತ್ತನೆ ಸಿಡಿಯುವ ಶಿಲಾಸ್ಫೋಟಗಳು ಅಲ್ಲಿ ಅನೇಕ ಕಾರ್ಮಿಕರನ್ನು ಬಲಿ ತೆಗೆದುಕೊಂಡವು. 2001ರಲ್ಲಿ ಗಣಿ ಮುಚ್ಚುವವರೆಗೂ ಪಾತಾಳಕ್ಕಿಳಿಯುವವನ ಪ್ರಾಣವು ನೆಲದ ಮೇಲಿದ್ದವರ ಎಚ್ಚರವನ್ನೂ ಅವಲಂಬಿಸಿತ್ತು. ಅಂತರಿಕ್ಷಕ್ಕೆ ಏರುವವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಹರಿಯಾಣದ ಕರ್ನಾಲ್‌ನಲ್ಲಿ ಜನಿಸಿದ ಕಲ್ಪನಾ ಚಾವ್ಲಾ ಚಂಡೀಗಢದಲ್ಲಿ ವಿಮಾನ ತಂತ್ರಶಾಸ್ತ್ರವನ್ನು ಕಲಿತು, ಅಮೆರಿಕಕ್ಕೆ ತೆರಳಿ, 1988ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1994ರಲ್ಲಿ ನಾಸಾ ಸಂಸ್ಥೆಯ ಗಗನಯಾತ್ರಿಯಾಗಿ ಆಯ್ಕೆಯಾಗಿ, 1997ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಮೊದಲ ಯಾತ್ರೆ ಕೈಗೊಂಡರು. ಅದೇ ನೌಕೆಯಲ್ಲಿ 2003ರ ಜನವರಿ 16ರಂದು ಮತ್ತೆ ಹೊರಟರು. ಉಡಾವಣೆಯಾದ ಸುಮಾರು 82 ಸೆಕೆಂಡುಗಳಲ್ಲಿ ಇಂಧನ ತೊಟ್ಟಿಯ ಶಾಖನಿರೋಧಕ ಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಕೆಲವು ಎಂಜಿನಿಯರುಗಳು ಕೋರಿದರು, ಕೋರಿಕೆ ಈಡೇರಲಿಲ್ಲ. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಛಿದ್ರವಾಗಿ ಏಳು ಮಂದಿಯೂ ಮರಣ ಹೊಂದಿದರು.

ಅಪಾಯವನ್ನು ಅರಿತೇ ಅವರು ಹೊರಟಿರಲಿಲ್ಲವೇ ಎಂದು ಕೇಳಬಹುದು. ಅರಿತಿದ್ದರು, ನಿಜ. ಆದರೆ ಅಪಾಯವನ್ನು ಒಪ್ಪಿಕೊಳ್ಳುವುದು ಬೇರೆ, ಪರರ ಅಲಕ್ಷ್ಯವನ್ನು ಒಪ್ಪಿಕೊಳ್ಳುವುದು ಬೇರೆ. ಸಾಹಸಿಯ ಧೈರ್ಯವು ಕಾಯಬೇಕಾದವರ ಹೊಣೆಯನ್ನು ಕಳೆಯಲಾರದು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದೊಡನೆ ಸೇರಿಸಿ ನಿರೂಪಿಸಿದೆ. ನೆಲವನ್ನು ನೋಡಿ ಎಚ್ಚರದಿಂದ ನಡೆಯುವ ಮುನಿಯ ಪಾದದಡಿಯಲ್ಲಿ ಅಕಸ್ಮಾತ್ತಾಗಿ ಇರುವೆ ಸತ್ತರೂ ಆತನಿಗೆ ಹಿಂಸಾದೋಷವಿಲ್ಲ. ಎಚ್ಚರಗೇಡಿಗೆ ಮಾತ್ರ, ಯಾವ ಜೀವಿಯೂ ಸಾಯದಿದ್ದರೂ, ದೋಷ ತಪ್ಪದು. ಈ ತತ್ತ್ವ ಕೊಲಂಬಿಯಾದ ಪ್ರಸಂಗಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಹಿಂದಿನ ಯಾತ್ರೆಗಳಲ್ಲಿಯೂ ಹೊದಿಕೆಯ ತುಂಡುಗಳು ಕಳಚಿದ್ದವು. ನೌಕೆಗಳು ಸುರಕ್ಷಿತವಾಗಿ ಮರಳಿದ್ದರಿಂದ ಅದು ಸಹಜವೆನಿಸಿತು. 2003ರ ಆಗಸ್ಟಿನಲ್ಲಿ ಹೊರಬಂದ ತನಿಖಾ ವರದಿಯು ಆ ತುಂಡಿನಷ್ಟೇ ಸಂಸ್ಥೆಯ ಕಾರ್ಯರೀತಿಯೂ ದುರಂತಕ್ಕೆ ಕಾರಣವೆಂದಿತು. ಯಾರೂ ಸಾಯದ ಆ ದಿನಗಳಲ್ಲಿಯೇ ಪ್ರಮಾದವು ಬೇರೂರಿತ್ತು.

ಬಸದಿಯ ಜೀರ್ಣೋದ್ಧಾರಕ್ಕಾಗಿ ಸಾರುವೆ ಏರುವ ಕೂಲಿಯಾಳು, ರಥೋತ್ಸವದ ಸಂದಣಿಯಲ್ಲಿ ನಿಲ್ಲುವ ಮಗು, ಇವರೂ ಪರರ ಎಚ್ಚರವನ್ನು ನಂಬಿದವರೇ. ಸಡಿಲಗೊಂಡ ಹಗ್ಗವನ್ನು ಒಬ್ಬನು ತೋರಿಸಿದಾಗ, "ಕಳೆದ ವರ್ಷವೂ ಹೀಗೆಯೇ ಇತ್ತು, ಏನೂ ಆಗಲಿಲ್ಲ" ಎಂಬ ಉತ್ತರ ಬರುವುದುಂಟು. ಹಿಂಸೆ ಆರಂಭವಾಗುವುದು ಹಗ್ಗ ಹರಿದಾಗಲ್ಲ, ಆ ಉತ್ತರ ಹೊರಟಾಗ.